ಕೈಗೆ ಕಾಸು ಬಂತು, ಮೈಗೆ ಕಾವಲು ಯಾರು?

1955ರ ಸೆಪ್ಟೆಂಬರ್. ಅಮೆರಿಕದ ಕೊಲೊರಾಡೊ ರಾಜ್ಯದ ಫೋರ್ಟ್ ಲೂಯಿಸ್ ಎಂಬ ಸಣ್ಣ ಕಾಲೇಜಿನ ಪರವಾಗಿ ಫುಟ್‌ಬಾಲ್ ಆಡಲು ಹೋದ ರೇ ಡೆನ್ನಿಸನ್ ಮನೆಗೆ ಮರಳಲಿಲ್ಲ. ಪಂದ್ಯದಲ್ಲಿ ತಲೆಗೆ ಬಿದ್ದ ಪೆಟ್ಟು ಅವರ ಜೀವ ತೆಗೆಯಿತು. ಕೆಲಸದಲ್ಲಿದ್ದಾಗ ಸತ್ತ ಕಾರ್ಮಿಕನ ಮನೆಯವರಿಗೆ ಕಾನೂನು ಪರಿಹಾರ ಕೊಡಿಸುತ್ತದಲ್ಲ, ಅದನ್ನು ಅವರ ಹೆಂಡತಿ ಕೇಳಿದರು. ಗಂಡ ಆಡಿದ್ದು ಕಾಲೇಜಿಗಾಗಿ, ಸತ್ತದ್ದೂ ಕಾಲೇಜಿನ ಅಂಗಿ ತೊಟ್ಟು. ಹಾಗಾದರೆ ಹೊಣೆ ಯಾರದು? 1957ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿತು: ಕಾಲೇಜು ಫುಟ್‌ಬಾಲ್ ವ್ಯಾಪಾರ ನಡೆಸುತ್ತಿಲ್ಲ, ಡೆನ್ನಿಸನ್ ಅದರ ನೌಕರರಲ್ಲ, ಪರಿಹಾರವಿಲ್ಲ.

ಇದಾಗಿ ಸುಮಾರು ಏಳು ದಶಕಗಳ ಮೇಲೆ, 2025ರ ಜೂನ್ 6ರಂದು, ಕ್ಯಾಲಿಫೋರ್ನಿಯಾದ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಒಂದು ರಾಜಿ ಒಪ್ಪಂದಕ್ಕೆ ಮುದ್ರೆ ಒತ್ತಿದರು. ಅದರಂತೆ ಆ ವರ್ಷದ ಜುಲೈ 1ರಿಂದ ಅಮೆರಿಕದ ಕಾಲೇಜುಗಳು ತಮ್ಮ ಕ್ರೀಡಾಪಟುಗಳಿಗೆ ನೇರವಾಗಿ ಹಣ ಕೊಡಬಹುದು. ನೂರು ವರ್ಷ ‘ಕೂಡದು’ ಎನ್ನುತ್ತಿದ್ದ ವ್ಯವಸ್ಥೆ ಕಡೆಗೂ ‘ಆಗಲಿ’ ಎಂದಿತು. ಇದು ಸಣ್ಣ ಗೆಲುವಲ್ಲ. ಆದರೆ ಆ ಒಪ್ಪಂದದಲ್ಲಿ ಡೆನ್ನಿಸನ್ ಅವರ ಹೆಂಡತಿಯ ಪ್ರಶ್ನೆಗೆ ಇನ್ನೂ ಉತ್ತರವಿಲ್ಲ. ಹಣ ಎಲ್ಲಿಂದ ಬಂತು, ಯಾರಿಗೆ ಬಂತು, ಏನನ್ನು ಹೊರಗಿಟ್ಟು ಬಂತು ಎಂಬುದನ್ನು ಬಿಡಿಸಿ ನೋಡಿದರೆ ಇದು ತಿಳಿಯುತ್ತದೆ.

ಅಮೆರಿಕದ ಕಾಲೇಜು ಕ್ರೀಡೆ ನಮ್ಮ ಕಾಲೇಜುಗಳ ವಾರ್ಷಿಕ ಕ್ರೀಡಾಕೂಟದಂಥದ್ದಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಮೈದಾನದಲ್ಲಿ 1 ಲಕ್ಷಕ್ಕೂ ಹೆಚ್ಚು ಮಂದಿ ಕೂರುತ್ತಾರೆ. ನಮ್ಮ ಎರಡು ಚಿನ್ನಸ್ವಾಮಿ ಕ್ರೀಡಾಂಗಣಗಳನ್ನು ಒಟ್ಟು ಮಾಡಿದರೂ ಅಷ್ಟು ಜನ ಹಿಡಿಸುವುದಿಲ್ಲ. ಫುಟ್‌ಬಾಲ್ ಎಂದರೆ ಇಲ್ಲಿ ಕಾಲ್ಚೆಂಡಾಟವಲ್ಲ. ತಲೆಗೆ ಹೆಲ್ಮೆಟ್, ಭುಜಕ್ಕೆ ಗಟ್ಟಿ ಕವಚ ತೊಟ್ಟು ಮೈಗೆ ಮೈ ಡಿಕ್ಕಿ ಹೊಡೆಯುವ ಆಟ. 1905ರ ಹೊತ್ತಿಗೆ ಈ ಆಟದಲ್ಲಿ ಎಷ್ಟು ಹುಡುಗರು ಸಾಯುತ್ತಿದ್ದರೆಂದರೆ, ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕಾಲೇಜುಗಳವರನ್ನು ಶ್ವೇತಭವನಕ್ಕೆ ಕರೆಸಿ ಮಾತನಾಡಬೇಕಾಯಿತು. ಮರುವರ್ಷ ಹುಟ್ಟಿದ ಸಂಸ್ಥೆಯೇ ಇಂದಿನ ಎನ್‌ಸಿಎಎ. ಇಂದು ಸುಮಾರು 1,100 ಕಾಲೇಜುಗಳ 5 ಲಕ್ಷಕ್ಕೂ ಹೆಚ್ಚು ಕ್ರೀಡಾಪಟುಗಳು ಅದರ ನಿಯಮದಡಿ ಆಡುತ್ತಾರೆ. ಆಟಗಾರರ ಜೀವ ಉಳಿಸಲು ಹುಟ್ಟಿದ ಸಂಸ್ಥೆ ಇದು ಎಂಬುದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಓದಬೇಕು.

ಈ ಆಟಗಳಿಗೆ ದುಡ್ಡಿನ ನಂಟು ಮೊದಲಿನಿಂದಲೂ ಇತ್ತು. 1852ರಲ್ಲಿ ಹಾರ್ವರ್ಡ್ ಮತ್ತು ಯೇಲ್ ನಡುವೆ ನಡೆದ ದೋಣಿ ಸ್ಪರ್ಧೆಯೇ ಅಮೆರಿಕದ ಮೊದಲ ಅಂತರಕಾಲೇಜು ಪಂದ್ಯ. ಅದರ ಖರ್ಚು ಹೊತ್ತದ್ದು ಒಂದು ರೈಲ್ವೆ ಕಂಪನಿ. ತನ್ನ ಹಳಿಯ ಪಕ್ಕದ ಸರೋವರಕ್ಕೆ ಜನ ಬರಲಿ ಎಂಬುದು ಅದರ ಆಸೆ. ಅಂದಿನಿಂದ ಇಂದಿನವರೆಗೆ ಟಿಕೆಟ್ ಮಾರಿದವರು, ಬಟ್ಟೆ ಮಾರಿದವರು, ಪ್ರಸಾರದ ಹಕ್ಕು ಮಾರಿದವರು ಎಲ್ಲರೂ ದುಡಿದುಕೊಂಡರು. ಆಡಿದವನಿಗೆ ಮಾತ್ರ ವಿದ್ಯಾರ್ಥಿವೇತನ: ಶುಲ್ಕ, ಊಟ, ವಸತಿ, ಪುಸ್ತಕ. ಅದಕ್ಕಿಂತ ಒಂದು ಕಾಸು ಹೆಚ್ಚು ಪಡೆದರೆ ಆಡುವ ಅರ್ಹತೆಯೇ ರದ್ದಾಗುತ್ತಿತ್ತು.

ಇಷ್ಟು ದೊಡ್ಡ ಅಸಮತೋಲನ ಇಷ್ಟು ಕಾಲ ನಿಂತದ್ದು ಒಂದು ಪದದ ಬಲದಿಂದ. ಡೆನ್ನಿಸನ್ ಸಾಯುವ ಎರಡು ವರ್ಷ ಮೊದಲು, 1953ರಲ್ಲಿ, ಅದೇ ಕೊಲೊರಾಡೊ ಸುಪ್ರೀಂ ಕೋರ್ಟ್ ಡೆನ್ವರ್ ವಿಶ್ವವಿದ್ಯಾಲಯದ ಗಾಯಾಳು ಆಟಗಾರನೊಬ್ಬನನ್ನು ನೌಕರ ಎಂದು ಒಪ್ಪಿ ಪರಿಹಾರ ಕೊಡಿಸಿತ್ತು. ಕಾಲೇಜುಗಳು ಬೆದರಿದವು. ಆಗ ಎನ್‌ಸಿಎಎ ಚುಕ್ಕಾಣಿ ಹಿಡಿದಿದ್ದ ವಾಲ್ಟರ್ ಬೈಯರ್ಸ್ ಮತ್ತು ಅವರ ಸಂಗಡಿಗರು ‘ವಿದ್ಯಾರ್ಥಿ-ಕ್ರೀಡಾಪಟು’ ಎಂಬ ಹೆಸರನ್ನು ಟಂಕಿಸಿದರು. ಎಲ್ಲ ನಿಯಮಗಳಲ್ಲಿ, ಎಲ್ಲ ಪ್ರಕಟಣೆಗಳಲ್ಲಿ ಅದನ್ನೇ ಬಳಸುವುದು ಕಡ್ಡಾಯವಾಯಿತು. ಕೇಳಲು ಗೌರವದ ಮಾತು. ಅದರ ಕೆಲಸ ಮಾತ್ರ ಕಾರ್ಮಿಕ ಕಾನೂನನ್ನು ಮೈದಾನದ ಗೇಟಿನ ಹೊರಗೆ ನಿಲ್ಲಿಸುವುದು. ಮೂರೂವರೆ ದಶಕಕ್ಕೂ ಹೆಚ್ಚು ಕಾಲ ಆ ಸಂಸ್ಥೆಯನ್ನು ಆಳಿದ ಬೈಯರ್ಸ್ ನಿವೃತ್ತರಾದ ಮೇಲೆ, 1995ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ, ಆ ಪದ ಯಾಕೆ ಹುಟ್ಟಿತೆಂಬುದನ್ನು ತಾವೇ ಬರೆದರು. ಈ ವ್ಯವಸ್ಥೆಯಲ್ಲಿ ಹಳೆಯ ತೋಟದ ಒಡೆಯರ ಮನೋಭಾವ ಇದೆ ಎಂದೂ ಒಪ್ಪಿಕೊಂಡರು. ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್‌ನ ದೊಡ್ಡ ತಂಡಗಳಲ್ಲಿ ಕಪ್ಪು ಯುವಕರ ಪ್ರಮಾಣ ಅವರ ಕ್ಯಾಂಪಸ್‌ಗಳಲ್ಲಿರುವ ಕಪ್ಪು ವಿದ್ಯಾರ್ಥಿಗಳ ಪ್ರಮಾಣಕ್ಕಿಂತ ಬಹಳ ಹೆಚ್ಚು. ಗುಲಾಮಗಿರಿಯ ಚರಿತ್ರೆ ಇರುವ ದೇಶದಲ್ಲಿ ಆ ಹೋಲಿಕೆಯ ಭಾರ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ.

ಹಣದ ಲೆಕ್ಕ ನೋಡಿ. ಪ್ರತಿ ಮಾರ್ಚ್‌ನಲ್ಲಿ ನಡೆಯುವ ಪುರುಷರ ಬ್ಯಾಸ್ಕೆಟ್‌ಬಾಲ್ ಟೂರ್ನಿಯ ಪ್ರಸಾರ ಹಕ್ಕನ್ನು 2032ರವರೆಗೆ ವಿಸ್ತರಿಸಿಕೊಳ್ಳಲು ಟಿವಿ ಕಂಪನಿಗಳು 880 ಕೋಟಿ ಡಾಲರ್ ಒಪ್ಪಿಕೊಂಡವು. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಸರ್ಕಾರದಿಂದ ಅತಿ ಹೆಚ್ಚು ಸಂಬಳ ಪಡೆಯುವ ವ್ಯಕ್ತಿ ಗವರ್ನರ್ ಅಲ್ಲ, ವಿಶ್ವವಿದ್ಯಾಲಯದ ಕೋಚ್. 2023ರ ನವೆಂಬರ್‌ನಲ್ಲಿ ಟೆಕ್ಸಸ್ ಎ ಆಂಡ್ ಎಂ ವಿಶ್ವವಿದ್ಯಾಲಯ ತನ್ನ ಫುಟ್‌ಬಾಲ್ ಕೋಚ್ ಜಿಂಬೊ ಫಿಶರ್ ಅವರನ್ನು ಮನೆಗೆ ಕಳಿಸಿದಾಗ, ಒಪ್ಪಂದ ಮುರಿದದ್ದಕ್ಕೆ ಅವರಿಗೆ ಕೊಡಬೇಕಾಗಿ ಬಂದ ಮೊತ್ತ 7.5 ಕೋಟಿ ಡಾಲರಿಗೂ ಹೆಚ್ಚು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎನ್ನುತ್ತೇವಲ್ಲ, ಆ ಗಾದೆಯ ‘ಯಾರದೋ’ ಎಂಬ ಜಾಗದಲ್ಲಿ ಇಲ್ಲಿ ನಿಂತವರು ಹತ್ತೊಂಬತ್ತು ಇಪ್ಪತ್ತರ ಹುಡುಗರು.

ಆ ಹುಡುಗರ ಬದುಕು ಹೇಗಿತ್ತು? 2014ರಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾಲಯವನ್ನು ರಾಷ್ಟ್ರೀಯ ಚಾಂಪಿಯನ್ ಮಾಡಿದ ಶಬಾಜ್ ನೇಪಿಯರ್, ಕೆಲವು ರಾತ್ರಿ ತಾನು ಹಸಿದೇ ಮಲಗಿದ್ದುಂಟು ಎಂದು ಪತ್ರಕರ್ತರ ಮುಂದೆ ಹೇಳಿದರು. ಅವರ ಹೆಸರಿನ ಜೆರ್ಸಿ ಅಂಗಡಿಯಲ್ಲಿ ಮಾರಾಟವಾಗುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿಸಿದ್ದರು ಬೇರೆಯವರು. ಆ ಮಾತು ದೇಶವನ್ನೆಲ್ಲ ಸುತ್ತಿದ ಕೆಲವೇ ದಿನಗಳಲ್ಲಿ ಎನ್‌ಸಿಎಎ ಊಟ ತಿಂಡಿಗಳ ಮೇಲಿನ ಮಿತಿಯನ್ನು ತೆಗೆದುಹಾಕಿತು. ವರ್ಷಗಟ್ಟಲೆ ಆಗದ ಕೆಲಸ ಒಂದು ವಾರದಲ್ಲಿ ಆಯಿತು. ಆಗುವುದಿಲ್ಲ ಎನ್ನುತ್ತಿದ್ದವರಿಗೆ ಮಾಡಲು ಮನಸ್ಸಿರಲಿಲ್ಲ, ಅಷ್ಟೆ.

ಓದಿನ ಕಥೆಯೂ ಹೀಗೆಯೇ. ವಾರಕ್ಕೆ 20 ಗಂಟೆಗಿಂತ ಹೆಚ್ಚು ಅಭ್ಯಾಸ ಕೂಡದು ಎಂಬ ನಿಯಮ 1991ರಿಂದ ಇದೆ. ಆದರೆ ಪ್ರಯಾಣ, ಗಾಯಕ್ಕೆ ಚಿಕಿತ್ಸೆ, ‘ಸ್ವಇಚ್ಛೆಯ’ ಕಸರತ್ತು ಇವು ಆ ಲೆಕ್ಕಕ್ಕೆ ಬರುವುದಿಲ್ಲ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರರು ಋತುವಿನ ದಿನಗಳಲ್ಲಿ ವಾರಕ್ಕೆ 40ರಿಂದ 50 ಗಂಟೆ ಆಟಕ್ಕೇ ಕೊಡುತ್ತಿದ್ದರು ಎಂದು ರಾಷ್ಟ್ರೀಯ ಕಾರ್ಮಿಕ ಮಂಡಳಿಯ ಪ್ರಾದೇಶಿಕ ಅಧಿಕಾರಿ 2014ರಲ್ಲಿ ದಾಖಲಿಸಿದರು. ಆ ತಂಡದ ನಾಯಕರಲ್ಲೊಬ್ಬರಾದ ಕೇನ್ ಕೋಲ್ಟರ್ ವೈದ್ಯರಾಗಬೇಕೆಂದು ಬಂದವರು. ಬೇಕಾದ ರಸಾಯನಶಾಸ್ತ್ರದ ತರಗತಿಯೂ ಅಭ್ಯಾಸವೂ ಒಂದೇ ಹೊತ್ತಿಗೆ ಬಿದ್ದಾಗ ತರಗತಿಯನ್ನು ಬಿಡಬೇಕಾಯಿತೆಂದು ಅವರು ಸಾಕ್ಷಿ ಹೇಳಿದರು. ಕೂಲಿಯ ಬದಲು ಓದು ಕೊಡುತ್ತೇವೆ ಎಂಬುದು ಕಾಲೇಜುಗಳ ವಾದ. ಆ ಓದೂ ಪೂರ್ತಿಯಾಗಿ ಸಿಗದಿದ್ದರೆ ಉಳಿದದ್ದೇನು?

ಕೋಟೆಯ ಗೋಡೆ ಬಿರುಕು ಬಿಟ್ಟದ್ದು ಒಂದು ವಿಡಿಯೊ ಗೇಮ್‌ನಿಂದ. 1995ರಲ್ಲಿ ಯುಸಿಎಲ್‌ಎ ವಿಶ್ವವಿದ್ಯಾಲಯಕ್ಕೆ ಬ್ಯಾಸ್ಕೆಟ್‌ಬಾಲ್ ಪಟ್ಟ ಗೆದ್ದುಕೊಟ್ಟ ಎಡ್ ಓಬ್ಯಾನನ್, ವರ್ಷಗಳ ನಂತರ ಗೆಳೆಯರೊಬ್ಬರ ಮನೆಯ ಟಿವಿ ಪರದೆಯಲ್ಲಿ ತಮ್ಮನ್ನೇ ಕಂಡರು. ಅದೇ ಮೈಕಟ್ಟು, ಅದೇ ಅಂಗಿ ಸಂಖ್ಯೆ, ಅದೇ ಎಡಗೈ ಹೊಡೆತ. ಯಾರೂ ಅವರನ್ನು ಕೇಳಿರಲಿಲ್ಲ, ಅವರಿಗೆ ಏನೂ ಕೊಟ್ಟಿರಲಿಲ್ಲ. 2009ರಲ್ಲಿ ಅವರು ಮೊಕದ್ದಮೆ ಹೂಡಿದರು, 2014ರಲ್ಲಿ ಗೆದ್ದರು. 2019ರಲ್ಲಿ ಕ್ಯಾಲಿಫೋರ್ನಿಯಾ, ಆಟಗಾರರು ತಮ್ಮ ಹೆಸರು ಮತ್ತು ಚಹರೆಯಿಂದ ಸಂಪಾದಿಸುವುದನ್ನು ಕಾಲೇಜುಗಳು ತಡೆಯಬಾರದೆಂದು ಕಾನೂನು ತಂದಿತು. 2021ರ ಜೂನ್ 21ರಂದು ಅಮೆರಿಕದ ಸುಪ್ರೀಂ ಕೋರ್ಟ್ ಆಲ್ಸ್ಟನ್ ಪ್ರಕರಣದಲ್ಲಿ ಒಂಬತ್ತಕ್ಕೆ ಒಂಬತ್ತೂ ಮತದಿಂದ ಎನ್‌ಸಿಎಎ ವಿರುದ್ಧ ತೀರ್ಪಿತ್ತಿತು. ವಿಷಯ ಓದಿಗೆ ಸಂಬಂಧಿಸಿದ ಸವಲತ್ತುಗಳಿಗೆ ಸೀಮಿತವಾಗಿತ್ತು. ಆದರೂ ಸಂಸ್ಥೆ ಕಾನೂನಿಗಿಂತ ದೊಡ್ಡದಲ್ಲ ಎಂದು ನ್ಯಾಯಮೂರ್ತಿ ಬ್ರೆಟ್ ಕ್ಯಾವನಾ ಪ್ರತ್ಯೇಕವಾಗಿ ಬರೆದ ಮಾತು ಎಲ್ಲ ಕಾಲೇಜುಗಳಿಗೂ ಕೇಳಿಸಿತು. ಹತ್ತೇ ದಿನಗಳಲ್ಲಿ, ಜುಲೈ 1ರಂದು, ಜಾಹೀರಾತು ಮತ್ತು ಪ್ರಚಾರದಿಂದ ಗಳಿಸುವ ದಾರಿ ಎಲ್ಲ ಆಟಗಾರರಿಗೂ ತೆರೆಯಿತು.

ಅಲ್ಲಿಂದ 2025ರ ರಾಜಿಗೆ ಬರೋಣ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಈಜುಗಾರ ಗ್ರಾಂಟ್ ಹೌಸ್ ಅವರ ಹೆಸರಿನಲ್ಲಿ 2020ರಲ್ಲಿ ಶುರುವಾದ ಮೊಕದ್ದಮೆ ಇದು. ಒಪ್ಪಂದದಲ್ಲಿ ಎರಡು ಭಾಗಗಳಿವೆ. ಒಂದು, 2016ರಿಂದ ಈಚೆಗೆ ಆಡಿದವರಿಗೆ ಹಿಂದಿನ ಬಾಕಿಯಾಗಿ ಸುಮಾರು 280 ಕೋಟಿ ಡಾಲರ್, ಹತ್ತು ವರ್ಷಗಳಲ್ಲಿ. ಎರಡು, ಮುಂದಕ್ಕೆ ಪ್ರತಿ ಕಾಲೇಜೂ ತನ್ನ ಆಟಗಾರರ ನಡುವೆ ಹಂಚಬಹುದಾದ ಹಣಕ್ಕೆ ವಾರ್ಷಿಕ ಮಿತಿ. ಮೊದಲ ವರ್ಷಕ್ಕೆ ಅದು ಸುಮಾರು 2.05 ಕೋಟಿ ಡಾಲರ್. ಹೊರಗಿನವರೊಂದಿಗೆ ಆಟಗಾರ ಮಾಡಿಕೊಳ್ಳುವ 600 ಡಾಲರಿಗೆ ಮೀರಿದ ಜಾಹೀರಾತು ಒಪ್ಪಂದವನ್ನು ಪರಿಶೀಲಿಸಲು ಬೇರೆಯೇ ವ್ಯವಸ್ಥೆ ಬಂದಿದೆ.

ಇಲ್ಲಿ ನಿಂತು ಯೋಚಿಸಬೇಕಾದ ಸಂಗತಿಯೊಂದಿದೆ. ಕೊಡುವ ಹಣಕ್ಕೆ ಮಿತಿ ಹಾಕುವ ಪದ್ಧತಿ ಅಮೆರಿಕದ ವೃತ್ತಿಪರ ಲೀಗ್‌ಗಳಲ್ಲೂ ಉಂಟು. ಆದರೆ ಅಲ್ಲಿ ಆಟಗಾರರ ಸಂಘ ಎದುರು ಕೂತು ಚೌಕಾಸಿ ಮಾಡಿ ಆ ಮಿತಿಗೆ ಒಪ್ಪುತ್ತದೆ. ಅದರ ಜೊತೆಗೆ ವಿಮೆ, ನಿವೃತ್ತಿ ವೇತನ, ಅಭ್ಯಾಸದ ಗಂಟೆ, ತಲೆಗೆ ಪೆಟ್ಟಾದರೆ ಮೈದಾನದಿಂದ ಹೊರಗಿಡುವ ನಿಯಮ ಎಲ್ಲವನ್ನೂ ಬರೆಸಿಕೊಳ್ಳುತ್ತದೆ. ಕಾಲೇಜು ಆಟಗಾರರಿಗೆ ಅಂಥ ಸಂಘವೇ ಇಲ್ಲ. ಮಿತಿ ಅವರ ಮೇಲೆ ಬಿತ್ತು. ಮಿತಿಯ ಬದಲಿಗೆ ಏನು ಕೊಡುತ್ತೀರಿ ಎಂದು ಕೇಳುವ ಕುರ್ಚಿಯಲ್ಲಿ ಯಾರೂ ಇರಲಿಲ್ಲ.

ಕುರ್ಚಿಗಾಗಿ ಯತ್ನಿಸಿದವರು ಇಲ್ಲದಿಲ್ಲ. ನಾರ್ತ್‌ವೆಸ್ಟರ್ನ್ ಆಟಗಾರರನ್ನು ನೌಕರರೆಂದು ಪ್ರಾದೇಶಿಕ ಅಧಿಕಾರಿ 2014ರಲ್ಲಿ ಒಪ್ಪಿದರೂ, ಮರುವರ್ಷ ರಾಷ್ಟ್ರೀಯ ಕಾರ್ಮಿಕ ಮಂಡಳಿ ಈ ವಿಷಯಕ್ಕೆ ತಾನು ಕೈಹಾಕುವುದಿಲ್ಲ ಎಂದು ಹಿಂದೆ ಸರಿಯಿತು. 2024ರ ಮಾರ್ಚ್‌ನಲ್ಲಿ ಡಾರ್ಟ್‌ಮತ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡ 13-2 ಮತಗಳಿಂದ ಸಂಘ ಕಟ್ಟಲು ನಿರ್ಧರಿಸಿತು. ಮಂಡಳಿಯ ಗಾಳಿ ಬದಲಾಗುವುದು ಕಂಡು ಅದೇ ವರ್ಷದ ಕೊನೆಯ ದಿನ ಅರ್ಜಿ ಹಿಂಪಡೆಯಿತು. ಕಾಲೇಜು ಆಟಗಾರರೂ ಕನಿಷ್ಠ ವೇತನ ಕಾನೂನಿನ ನೌಕರರಾಗಬಹುದು ಎಂದು ಫಿಲಡೆಲ್ಫಿಯಾದ ಮೇಲ್ಮನವಿ ನ್ಯಾಯಾಲಯ 2024ರ ಜುಲೈನಲ್ಲಿ ಹೇಳಿ, ವಿಚಾರಣೆಯನ್ನು ಕೆಳ ನ್ಯಾಯಾಲಯಕ್ಕೆ ಕಳಿಸಿತು. ಅತ್ತ ವಾಷಿಂಗ್ಟನ್‌ನಲ್ಲಿ, ಅವರು ನೌಕರರಾಗಲೇಬಾರದು ಎಂಬ ಕಾನೂನಿಗಾಗಿ ಎನ್‌ಸಿಎಎ ಸಂಸದರ ಬಾಗಿಲು ತಟ್ಟುತ್ತಿದೆ. ಹಣ ಕೊಡಲು ಸಿದ್ಧ, ನೌಕರ ಎನ್ನಲು ಮಾತ್ರ ಒಲ್ಲೆ ಎಂಬ ಹಟ ಯಾಕೆ? ನೌಕರ ಎಂದೊಡನೆ ಗಾಯದ ಹೊಣೆ ಬರುತ್ತದೆ. ಡೆನ್ನಿಸನ್ ಅವರ ಹೆಂಡತಿಯ ಪ್ರಶ್ನೆ ಮತ್ತೆ ಬಾಗಿಲಿಗೆ ಬರುತ್ತದೆ.

ಆ ಪ್ರಶ್ನೆ ಹಳೆಯದಾಗಿಲ್ಲ. 2018ರ ಮೇ 29ರಂದು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ 19 ವರ್ಷದ ಜೋರ್ಡನ್ ಮೆಕ್‌ನೇರ್ ಅಭ್ಯಾಸದ ಓಟಗಳ ನಡುವೆ ಕುಸಿದರು. ಬಿಸಿಲಾಘಾತ. ಆ ಸ್ಥಿತಿಯಲ್ಲಿ ಮೊದಲು ಮಾಡಬೇಕಾದದ್ದು ಮೈಯನ್ನು ಮಂಜುಗಡ್ಡೆಯ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ತಣ್ಣಗೆ ಮಾಡುವುದು. ಸಮಯಕ್ಕೆ ಮಾಡಿದರೆ ಜೀವ ಉಳಿಯುತ್ತದೆ. ಅದನ್ನು ಮಾಡಲಿಲ್ಲ. ಜೂನ್ 13ರಂದು ಆ ಹುಡುಗ ತೀರಿಕೊಂಡ. ವಿಶ್ವವಿದ್ಯಾಲಯದ ಅಧ್ಯಕ್ಷರು ಕಾನೂನಿನ ಹೊಣೆಯನ್ನೂ ನೈತಿಕ ಹೊಣೆಯನ್ನೂ ಒಪ್ಪಿಕೊಂಡರು. ತಂದೆತಾಯಿ ದುಃಖವನ್ನು ನುಂಗಿಕೊಂಡು ಹೋರಾಡಿ, 2021ರಲ್ಲಿ ಮಗನ ಹೆಸರಿನಲ್ಲೇ ರಾಜ್ಯದಲ್ಲಿ ಸುರಕ್ಷತಾ ಕಾನೂನು ತರಿಸಿದರು. ಒಂದು ತೊಟ್ಟಿ, ಒಂದಿಷ್ಟು ಮಂಜುಗಡ್ಡೆ, ‘ಸಾಕು, ನಿಲ್ಲಿಸಿ’ ಎಂದು ಕೋಚ್‌ಗೆ ಹೇಳುವ ಧೈರ್ಯವಿರುವ ಒಬ್ಬ ಆರೈಕೆದಾರ. ಬೇಕಿದ್ದುದು ಇಷ್ಟೇ. ಆದರೆ ಆರೈಕೆದಾರನಿಗೆ ಸಂಬಳ ಕೊಡುವವರೇ ಪಂದ್ಯ ಗೆಲ್ಲಬೇಕಾದವರೂ ಆಗಿರುವಾಗ ಆ ಧೈರ್ಯ ಎಲ್ಲರಿಗೂ ಬರುವುದಿಲ್ಲ.

ಮನಸ್ಸಿನ ಗಾಯ ಹೊರಗೆ ಕಾಣುವುದಿಲ್ಲ. 2002ರಿಂದ 2022ರವರೆಗಿನ ಕಾಲೇಜು ಕ್ರೀಡಾಪಟುಗಳ ಸಾವುಗಳನ್ನು ಪರಿಶೀಲಿಸಿದ ಅಧ್ಯಯನವೊಂದು, ಅವುಗಳಲ್ಲಿ ಆತ್ಮಹತ್ಯೆಯ ಪಾಲು ಮೊದಲ ದಶಕದಲ್ಲಿ ಶೇ 7.6 ಇದ್ದದ್ದು ಎರಡನೆಯ ದಶಕದಲ್ಲಿ ಶೇ 15.3ಕ್ಕೆ ಏರಿದ್ದನ್ನು ಕಂಡಿತು. ಇದಕ್ಕೆ ಯಾವುದೋ ಒಂದು ಕಾರಣವನ್ನು ಬೊಟ್ಟು ಮಾಡುವುದು ಸರಿಯಲ್ಲ. ಆದರೆ ಹೊರೆ ಎಲ್ಲೆಲ್ಲಿಂದ ಬರುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಟಿವಿ ಹಣಕ್ಕಾಗಿ ಕಾಲೇಜುಗಳ ಕೂಟಗಳು ಒಡೆದು ಮತ್ತೆ ಕೂಡಿಕೊಂಡವು. 2024ರಿಂದ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಆಟಗಾರರು ತಮ್ಮ ಕೂಟದ ಪಂದ್ಯಕ್ಕೆಂದೇ ಖಂಡದ ಆಚೆ ದಂಡೆಯ ನ್ಯೂಜೆರ್ಸಿವರೆಗೆ ಹಾರಬೇಕಾಗಿದೆ. ತಡರಾತ್ರಿ ಮರಳಿ ಬೆಳಿಗ್ಗೆ ತರಗತಿಗೆ ಕೂರುವ ವಾಲಿಬಾಲ್ ಹುಡುಗಿಗೆ ಆ ಟಿವಿ ಹಣದಲ್ಲಿ ದೊಡ್ಡ ಪಾಲೇನೂ ಇಲ್ಲ. ಸೋತಾಗ ಪಂದ್ಯದ ಮೇಲೆ ಜೂಜಾಡಿದವರ ಬೈಗುಳ ಮಾತ್ರ ಅವಳ ಮೊಬೈಲಿಗೂ ಬಂದು ಬೀಳುತ್ತದೆ.

ಪಾಲಿನ ಮಾತು ಬಂದಾಗ ಹೆಣ್ಣುಮಕ್ಕಳ ನೋವನ್ನು ಹೇಳಲೇಬೇಕು. ಹಿಂದಿನ ಬಾಕಿಯ ಹಂಚಿಕೆಯಲ್ಲಿ ದೊಡ್ಡ ಕೂಟಗಳ ಮಟ್ಟಿಗೆ ಸುಮಾರು ಶೇ 90ರಷ್ಟು ಪುರುಷರ ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್‌ಗೆ ಹೋಗುತ್ತದೆ. ಶಿಕ್ಷಣದಲ್ಲಿ ಲಿಂಗ ತಾರತಮ್ಯ ಕೂಡದೆಂಬ 1972ರ ಕಾನೂನು, ಅಂದರೆ ಟೈಟಲ್ 9, ಅಮೆರಿಕದ ಹೆಣ್ಣುಮಕ್ಕಳನ್ನು ಮೈದಾನಕ್ಕೆ ಕರೆತಂದ ಕಾನೂನು. ಈ ಹಂಚಿಕೆ ಅದಕ್ಕೆ ವಿರುದ್ಧ ಎಂದು ಹಲವು ಆಟಗಾರ್ತಿಯರು ಮೇಲ್ಮನವಿ ಹಾಕಿದ್ದಾರೆ. ಹಣ ತಂದದ್ದು ಫುಟ್‌ಬಾಲ್, ಹಣವೂ ಅದಕ್ಕೇ ಹೋಗಲಿ ಎಂಬ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ದಶಕಗಟ್ಟಲೆ ಮೈದಾನ, ಟಿವಿ, ಪ್ರಚಾರ ಎಲ್ಲವನ್ನೂ ಒಂದೇ ಕಡೆ ಸುರಿದು, ಇನ್ನೊಂದು ಕಡೆ ಬೆಳೆ ಬರಲಿಲ್ಲ ಎಂದು ದೂರುವುದು ನ್ಯಾಯವಲ್ಲ.

ಸಣ್ಣ ಆಟಗಳಿಗೂ ಕುತ್ತು ಬಂದಿದೆ. 2025ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್ ಪಾಲಿ ವಿಶ್ವವಿದ್ಯಾಲಯ, ಬರಲಿರುವ ಈ ರಾಜಿಯ ಹಣಕಾಸಿನ ಹೊರೆಯನ್ನೂ ಕಾರಣವಾಗಿ ಹೇಳಿ, ಈಜು ತಂಡಗಳನ್ನೇ ಮುಚ್ಚಿತು. ಈಜುಗಾರನ ಹೆಸರಿನ ಮೊಕದ್ದಮೆ ಈಜುಕೊಳವನ್ನೇ ಖಾಲಿ ಮಾಡಿಸುವುದು ನೋಡಿ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಕೋಚ್‌ಗಳ ಸಂಬಳಕ್ಕೂ ಮೈದಾನದ ಅಲಂಕಾರಕ್ಕೂ ಕೈ ಹಾಕದೆ ಮೊದಲ ಕತ್ತರಿ ಸಣ್ಣ ಆಟಗಳ ಮೇಲೆ ಬೀಳಬಾರದು.

ಈ ಸಣ್ಣ ಆಟಗಳ ಮಾತು ನಮಗೆ ದೂರದ್ದಲ್ಲ. ಮೈಸೂರಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ವಿಕಾಸ್ ಗೌಡ, ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಪರವಾಗಿ 2006ರಲ್ಲಿ ಎನ್‌ಸಿಎಎ ಡಿಸ್ಕಸ್ ಚಾಂಪಿಯನ್ ಆದವರು. 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಚಿನ್ನ ತಂದರು. ಮಿಲ್ಖಾ ಸಿಂಗ್ ಬಳಿಕ 56 ವರ್ಷಗಳಲ್ಲಿ ಆ ಕೂಟದ ಅಥ್ಲೆಟಿಕ್ಸ್‌ನಲ್ಲಿ ಚಿನ್ನ ಗೆದ್ದ ಮೊದಲ ಭಾರತೀಯ ಪುರುಷ ಅವರು. ಡಿಸ್ಕಸ್ ನೋಡಲು ಯಾರೂ ಲಕ್ಷಗಟ್ಟಲೆ ಬರುವುದಿಲ್ಲ. ಅಂಥ ಆಟಕ್ಕೆ ಕೋಚ್, ವ್ಯಾಯಾಮಶಾಲೆ, ಸ್ಪರ್ಧೆಗಳನ್ನು ಆ ದೇಶದ ಕಾಲೇಜುಗಳು ಫುಟ್‌ಬಾಲ್ ಗಳಿಕೆಯಿಂದ ಒದಗಿಸುತ್ತಿದ್ದವು. ಅಮೆರಿಕದ ಒಲಿಂಪಿಕ್ ಪದಕಗಳ ಬೇರು ಇಲ್ಲಿದೆ. ನಮ್ಮ ಒಂದೆರಡು ಪದಕಗಳ ಬೇರೂ ಅಲ್ಲಿಗೆ ತಾಕಿದೆ.

ಬೆಂಗಳೂರಿನ ಈಜುಕೊಳ, ಟೆನಿಸ್ ಅಂಗಳಗಳ ಬದಿಯಲ್ಲಿ ಮಕ್ಕಳಿಗಾಗಿ ಕಾಯುತ್ತ ಕೂತ ಅಪ್ಪ ಅಮ್ಮಂದಿರ ಮಾತಿನಲ್ಲಿ ಅಮೆರಿಕದ ಕ್ರೀಡಾ ಸ್ಕಾಲರ್‌ಶಿಪ್ ಆಗಾಗ ಸುಳಿಯುತ್ತದೆ. ಅವರಿಗೆ ಎರಡು ಮಾತು. ಎಫ್-1 ವೀಸಾದಲ್ಲಿ ಓದುವ ವಿದೇಶಿ ವಿದ್ಯಾರ್ಥಿ ಅಮೆರಿಕದ ನೆಲದಲ್ಲಿ ಜಾಹೀರಾತಿಗಾಗಿ ದುಡಿದರೆ ಅದು ಅನುಮತಿಯಿಲ್ಲದ ಕೆಲಸವಾಗಿ ವೀಸಾಕ್ಕೇ ಕುತ್ತು ಬರಬಹುದು. ಕೆನಡಾದ ಜ್ಯಾಕ್ ಈಡಿ 2023 ಮತ್ತು 2024ರಲ್ಲಿ ಅಮೆರಿಕದ ಅತ್ಯುತ್ತಮ ಕಾಲೇಜು ಬ್ಯಾಸ್ಕೆಟ್‌ಬಾಲ್ ಆಟಗಾರ ಎನಿಸಿಕೊಂಡರೂ ಇದೇ ತೊಡಕಿನಿಂದ ಸಹ ಆಟಗಾರರಂತೆ ಗಳಿಸಲಾಗಲಿಲ್ಲ. ಹೊಸ ಕಾಸಿನ ಸುದ್ದಿ ಕೇಳಿ ಲೆಕ್ಕ ಹಾಕಬೇಡಿ. ಎರಡನೆಯದು, ಸ್ಕಾಲರ್‌ಶಿಪ್‌ನ ಮೊತ್ತ ಕೇಳುವ ಮೊದಲು ಬೇರೆ ಪ್ರಶ್ನೆ ಕೇಳಿ. ಇದು ಒಂದು ವರ್ಷಕ್ಕೋ, ನಾಲ್ಕು ವರ್ಷಕ್ಕೋ? ಮಗಳಿಗೆ ಗಾಯವಾಗಿ ಆಡಲಾಗದಿದ್ದರೆ ಓದು ಮುಂದುವರಿಯುತ್ತದೆಯೇ? ಆಸ್ಪತ್ರೆಯ ಬಿಲ್ಲು ಯಾರು ಕಟ್ಟುತ್ತಾರೆ, ಕಾಲೇಜು ಬಿಟ್ಟ ಮೇಲೂ ಕಟ್ಟುತ್ತಾರೆಯೇ? ಕಾಲೇಜು ಬಿಟ್ಟು ಎರಡು ವರ್ಷದವರೆಗೆ ಆಟದ ಗಾಯಗಳ ಚಿಕಿತ್ಸೆಗೆ ರಕ್ಷಣೆ ಒದಗಿಸುವ ನಿಯಮ 2024ರ ಆಗಸ್ಟ್‌ನಿಂದ ಜಾರಿಗೆ ಬಂದಿದೆ. ಒಳ್ಳೆಯದೇ. ಆದರೆ ಇಪ್ಪತ್ತರಲ್ಲಿ ಮುರಿದ ಮಂಡಿ ನೋಯುವುದು ನಲವತ್ತರಲ್ಲಿ.

ನನಗೆ ಅನ್ನಿಸುವುದು ಇಷ್ಟು. ಆಟಗಾರರಿಗೆ ಹಣ ಸಿಕ್ಕಿದ್ದು ನ್ಯಾಯ, ಅದು ತಡವಾಗಿ ಬಂದ ನ್ಯಾಯ. ಆದರೆ ಕಾಲೇಜಿನಿಂದ ಮುಂದೆ ವೃತ್ತಿಪರ ಲೀಗ್ ತಲುಪುವವರು ನೂರಕ್ಕೆ ಇಬ್ಬರೂ ಇಲ್ಲ. ಉಳಿದವರು ನಾಲ್ಕು ವರ್ಷದ ನಂತರ ಕಾಲೇಜಿನಿಂದ ಹೊತ್ತು ತರುವುದು ಎರಡೇ: ಕಲಿತ ವಿದ್ಯೆ ಮತ್ತು ಉಳಿದ ಮೈ. ಆ ಎರಡನ್ನೂ ಕಾಯಲು ಮೂರು ಸಂಗತಿ ಬೇಕು. ನಿಯಮ ಬರೆಯುವ ಮೇಜಿನ ಮುಂದೆ ಆಟಗಾರರೇ ಆರಿಸಿದ ಪ್ರತಿನಿಧಿಗೆ ಜಾಗ, ಕೋಚ್‌ನ ಹಂಗಿಲ್ಲದ ವೈದ್ಯ, ಆಟದ ಗಾಯಕ್ಕೆ ಅದು ಎಷ್ಟು ವರ್ಷ ನೋಯುತ್ತದೋ ಅಷ್ಟು ವರ್ಷದ ಚಿಕಿತ್ಸೆ.

ಕಾಲೇಜು ಫುಟ್‌ಬಾಲ್ ವ್ಯಾಪಾರದಲ್ಲಿಲ್ಲ ಎಂದು 1957ರಲ್ಲಿ ನ್ಯಾಯಾಲಯ ಹೇಳಿದಾಗ ನಂಬಿದವರು ಇದ್ದಿರಬಹುದು. ವರ್ಷಕ್ಕೆ 2.05 ಕೋಟಿ ಡಾಲರಿನವರೆಗೆ ಹಂಚಲು ಒಪ್ಪಿದ ಮೇಲೆ ಆ ಮಾತನ್ನು ಯಾವ ಕಾಲೇಜೂ ಇನ್ನು ಹೇಳಲಾರದು. ಇಂದು ಯಾವುದೋ ಮೈದಾನದಲ್ಲಿ ಒಬ್ಬ ಹುಡುಗ ಕುಸಿದು ಬಿದ್ದರೆ, ಅವನ ಮನೆಯವರು ಅದೇ ಹಳೆಯ ಪ್ರಶ್ನೆ ಹಿಡಿದು ಬರುತ್ತಾರೆ: ಹೊಣೆ ಯಾರದು? ಅವರಿಗೆ ಹೇಳಲು ಹಿಂದಿದ್ದ ನೆಪ ಹೋಗಿದೆ. ಉತ್ತರವನ್ನು ಈಗಲಾದರೂ ಬರೆದಿಡಬೇಕು, ಇನ್ನೊಂದು ಮನೆ ಬಂದು ಕೇಳುವ ಮೊದಲೇ.